ಎಡಗಾಲಿನ ಮವಾಶಿ ಗೆರಿ (ಪಕ್ಕದಿಂದ ಸುತ್ತಿ ಬರೋ ಕಿಕ್) ಏಳ್ತಾನೇ ಇಲ್ಲ, ವೀಕ್ ಸೈಡ್ ಸರಿ ಮಾಡೋದು ಹೇಗೆ?

ಬ್ರೌನ್‌ಬೆಲ್ಟ್‌ಬಾಕಿ:

ಶೊಟೊಕಾನ್ ಕರಾಟೆ. ಮುಂದಿನ ಗ್ರೇಡಿಂಗ್ ಬ್ರೌನ್ ಬೆಲ್ಟ್‌ಗೆ, ಇನ್ನೂ ಮೂರು ತಿಂಗಳಿದೆ. ಬರೆಯೋದು, ಚೆಂಡು ಒದೆಯೋದು ಎಲ್ಲ ಬಲಗಡೆಯೇ.

ಬಲಗಾಲಿನ ಮವಾಶಿ ಗೆರಿ ಎದುರಿನವರ ಕಿವಿ ಮಟ್ಟಕ್ಕೆ ಸಲೀಸಾಗಿ ಹೋಗುತ್ತೆ. ಎಡಗಾಲಿನದು ಬೆಲ್ಟ್‌ಗಿಂತ ಒಂದು ಗೇಣು ಮೇಲೆ ಹೋದ್ರೆ ಮೈ ಹಿಂದಕ್ಕೆ ವಾಲುತ್ತೆ, ಎಡಗೈ ತೊಡೆ ಹತ್ತಿರ ಜಾರುತ್ತೆ, ಕಿಕ್ ಮುಗಿದ ಮೇಲೆ ಕಾಲು ಎಲ್ಲಿ ಬೀಳುತ್ತೋ ಹೇಳೋಕಾಗಲ್ಲ. ಎಡಗೈ ಗ್ಯಾಕು-ಜುಕಿ (ಹಿಂದಿನ ಕೈಯ ಪಂಚ್) ಕೂಡ ಬರೀ ಭುಜದಿಂದ ಹೋಗುತ್ತೆ, ಸೊಂಟ ತಿರುಗಲ್ಲ.

ಈಗ ಮಾಡ್ತಿರೋದು: ದಿನಾ ಸ್ಪ್ಲಿಟ್ ಸ್ಟ್ರೆಚ್, ಬಲಗಾಲಿಗೆ 20 ಕಿಕ್ ಇದ್ರೆ ಎಡಗಾಲಿಗೆ 40. ಎತ್ತರ ಇದ್ದಲ್ಲೇ ಇದೆ. ಎಡಕ್ಕೂ ಬಲಕ್ಕೂ ಲೆಕ್ಕ ಯಾವ ಅನುಪಾತದಲ್ಲಿರಬೇಕು? ಯಾವ ಪಕ್ಕ ಮೊದಲು ಮಾಡಬೇಕು? ಎರಡೂ ಪಕ್ಕ ಒಂದೇ ಸಮ ಆಗೋದು ನಿಜಕ್ಕೂ ಸಾಧ್ಯಾನಾ? "ಪ್ರಾಕ್ಟೀಸ್ ಮಾಡಿ, ಬರುತ್ತೆ" ಅನ್ನೋ ಉತ್ತರ ದಯವಿಟ್ಟು ಬೇಡ, ಅದನ್ನ ಮಾಸ್ಟರ್ ದಿನಾ ಹೇಳ್ತಾರೆ.

ಹಿಮ್ಮಡಿ:

ಎಡಗಾಲನ್ನು ಸದ್ಯಕ್ಕೆ ಮರೆತುಬಿಡಿ. ಎಡಗಾಲು ಒದೆಯುವಾಗ ಮೈಭಾರ ಹೊರುವುದು ಬಲಗಾಲು. ನೀವು ಚೆಂಡು ಒದ್ದದ್ದೆಲ್ಲ ಬಲಗಾಲಿನಲ್ಲಿ, ಅಂದರೆ ಅಷ್ಟು ವರ್ಷವೂ ಒಂಟಿಯಾಗಿ ನಿಂತು ಮೈ ತೂಗಿಸಿದ್ದು ಎಡಗಾಲು. ನಿಮ್ಮ ಬಲಗಾಲಿಗೆ ಒದೆಯುವುದು ಗೊತ್ತು, ನಿಲ್ಲುವುದು ಗೊತ್ತಿಲ್ಲ. ನೀವು ಬರೆದ ಮೂರೂ ಲಕ್ಷಣ (ವಾಲುವ ಮೈ, ಜಾರುವ ಕೈ, ಎಲ್ಲೋ ಬೀಳುವ ಕಾಲು) ನಿಂತ ಕಾಲಿನವೇ.

ನಂಬಿಕೆ ಬರದಿದ್ದರೆ ಒಂದು ಕೈಯನ್ನು ಗೋಡೆಗೆ ಆನಿಸಿ ಅದೇ ಎಡಗಾಲಿನ ಕಿಕ್ಕನ್ನು ನಿಧಾನವಾಗಿ ಹೊಡೆಯಿರಿ. ಆನಿಕೆ ಸಿಕ್ಕ ಕೂಡಲೇ ಎತ್ತರ ಹೆಚ್ಚಿತೆಂದರೆ ಎಡಗಾಲಿನಲ್ಲಿ ದೊಡ್ಡ ದೋಷವಿಲ್ಲ.

ಈಗ ಪಾದ ತಿರುಗಿಸುವ ವಿಷಯ. ತೊಡೆಮೂಳೆ ನೇರವಾಗಿ ಪಕ್ಕಕ್ಕೆ ಏಳುವುದಕ್ಕೆ ಮಿತಿಯಿದೆ, ಹೆಚ್ಚಿನವರಲ್ಲಿ 45 ಡಿಗ್ರಿ ಆಸುಪಾಸು. ಅದರ ಮೇಲಿನ ಎತ್ತರವೆಲ್ಲ ಸೊಂಟ ಓರೆಯಾಗಿ ಹೊರಳುವುದರಿಂದ ಬರುತ್ತದೆ. ನಿಂತ ಪಾದ ನೆಲಕ್ಕೆ ಅಂಟಿಕೊಂಡರೆ ಸೊಂಟ ಹೊರಳುವುದಿಲ್ಲ, ಆಗ ನೀವು ಸೊಂಟದ ಬದಲು ಬೆನ್ನನ್ನು ಹಿಂದಕ್ಕೆ ಚೆಲ್ಲಿ ಎತ್ತರ ಕದಿಯುತ್ತೀರಿ. ಚುದಾನ್ (ಹೊಟ್ಟೆ-ಎದೆ ಮಟ್ಟದ) ಕಿಕ್‌ಗೆ ಪಾದ ಕನಿಷ್ಠ 90 ಡಿಗ್ರಿ ಹೊರಳಬೇಕು. ಜೋದಾನ್‌ಗೆ (ತಲೆ ಮಟ್ಟಕ್ಕೆ) ಇನ್ನೂ ಹೆಚ್ಚು: ಏಟು ತಾಗುವ ಹೊತ್ತಿಗೆ ಹಿಮ್ಮಡಿ ಹೆಚ್ಚುಕಡಿಮೆ ಎದುರಿನವನ ಕಡೆ ಇರಬೇಕು. ತಿರುಗುವುದು ಪಾದದ ಮುಂಭಾಗದ ಮೇಲೆ, ಹಿಮ್ಮಡಿ ನೆಲದಿಂದ ಒಂದು ಕಾಗದ ತೂರುವಷ್ಟು ಎದ್ದರೆ ಸಾಕು. ಜಿಗ್‌ಸಾ ಮ್ಯಾಟ್ ಮೇಲೆ ಬರಿಗಾಲಲ್ಲಿ ಮಾಡುವವರು ಎಚ್ಚರ. ಮ್ಯಾಟ್ ಪಾದವನ್ನು ಹಿಡಿದುಕೊಳ್ಳುತ್ತದೆ, ಮೈ ತಿರುಗುತ್ತದೆ, ನಡುವೆ ತಿರುಚಿಕೊಳ್ಳುವುದು ಮಂಡಿ. ಹಾಗಾಗಿ ಮಂಡಿ ಎತ್ತುವ ಮೊದಲೇ ಬಲಪಾದವನ್ನು ಹೊರಕ್ಕೆ 45 ಡಿಗ್ರಿ ಇಟ್ಟುಕೊಳ್ಳಿ, ಉಳಿದದ್ದನ್ನು ಮಂಡಿ ಏಳುವಾಗ ತಿರುಗಿಸಿ. ಕಾಲು ಚಾಚಿದ ಮೇಲೆ ತಿರುಗಿಸಲು ಹೋಗಬೇಡಿ.

ಮೊದಲ ಎರಡು ವಾರ ಕಿಕ್ಕೇ ಬೇಡ. ಗೋಡೆಗೆ ಕೈಯಿಟ್ಟು ಬಲಪಾದ ಹೊರಳಿಸುವುದು 10ರಂತೆ ಮೂರು ಸೆಟ್. ಆಮೇಲೆ ಎಡಮಂಡಿ ಪಕ್ಕಕ್ಕೆ ಎತ್ತಿ, ಹಿಮ್ಮಡಿ ಪೃಷ್ಠದ ಹತ್ತಿರ ಮಡಚಿ, ಮಂಡಿ ಮತ್ತು ಪಾದ ಒಂದೇ ಮಟ್ಟದಲ್ಲಿ ಇರುವಂತೆ 5 ಸೆಕೆಂಡ್ ಹಿಡಿಯುವುದು, 6 ಸಲ. ಪಾದ ಮಂಡಿಗಿಂತ ಕೆಳಗೆ ತೂಗುತ್ತಿದ್ದರೆ ಕಿಕ್ ಕೊನೆಯಲ್ಲಿ ಕೆಳಗಿನಿಂದ ಓರೆಯಾಗಿ ಏಳುತ್ತದೆ. ಪಾರ್ಟ್ನರ್ ಮೊಣಕೈಗೆ ಕಾಲ್ಬೆರಳು ಬಡಿಸಿಕೊಳ್ಳುವವರು ಇವರೇ.

ಮೂರನೇ ವಾರದಿಂದ ಐದನೇ ವಾರದವರೆಗೆ ಒಂದು ಪ್ಲಾಸ್ಟಿಕ್ ಕುರ್ಚಿ ತನ್ನಿ. ಅದರ ಬೆನ್ನಿನ ಮೇಲಿಂದ ಕಾಲು ದಾಟಿಸಿ ಕಿಕ್: ಚಾಚಲು 3 ಸೆಕೆಂಡ್, ತುದಿಯಲ್ಲಿ 1, ಮಡಚಲು 3. 5ರಂತೆ 3 ಸೆಟ್. ಮಡಚಿ ತರುವಾಗಲೂ ಕುರ್ಚಿ ತಾಗಬಾರದು. ಹೆಚ್ಚಿನವರಿಗೆ ಹೋಗುವಾಗ ತಾಗುವುದಿಲ್ಲ, ವಾಪಸ್ ಬರುವಾಗ ತಾಗುತ್ತದೆ, ಏಕೆಂದರೆ ಹಿಕಿ-ಆಶಿ (ಒದ್ದ ಕಾಲನ್ನು ಮಡಚಿ ಎಳೆದುಕೊಳ್ಳುವುದು) ಇಲ್ಲದೆ ಕಾಲನ್ನು ಹಾಗೇ ಕೆಳಕ್ಕೆ ಬಿಡುತ್ತಾರೆ. ಇದರ ಜೊತೆ ಬ್ಯಾಗ್ ಮೇಲೆ ಚುದಾನ್ ಎತ್ತರದಲ್ಲಿ 60% ಬಲದಲ್ಲಿ 8ರಂತೆ 3 ಸೆಟ್. ಪೂರ್ತಿ ವೇಗ ಆರನೇ ವಾರದಿಂದ: 6ರಂತೆ 4 ಸೆಟ್, ನಡುವೆ 60ರಿಂದ 90 ಸೆಕೆಂಡ್ ವಿಶ್ರಾಂತಿ.

ಅನುಪಾತ ಎರಡಕ್ಕೆ ಒಂದು ಇದ್ದರೆ ಸಾಕು, ಆದರೆ ಒಂದೇ ಉಸಿರಿನಲ್ಲಿ 40 ಬೇಡ. ಅದರಲ್ಲಿ ಮೊದಲ ಹತ್ತು ಮಾತ್ರ ಕಿಕ್, ಉಳಿದ ಮೂವತ್ತು ತಪ್ಪಿನ ಅಭ್ಯಾಸ. ಒಂದು ಸೆಟ್‌ನಲ್ಲಿ ಎರಡು ಸಲ ಕೈ ಜಾರಿದರೆ ಆ ಸೆಟ್ ಅಲ್ಲಿಗೆ ನಿಲ್ಲಿಸಿ. ವಾರಕ್ಕೊಮ್ಮೆ ಒಂದು ಗಂಟೆ ಮಾಡುವುದಕ್ಕಿಂತ ದಿನಕ್ಕೆ 15 ನಿಮಿಷದಂತೆ ವಾರಕ್ಕೆ ಐದು ದಿನ ಒಳ್ಳೆಯದು.

ಯಾವ ಪಕ್ಕ ಮೊದಲು ಎಂದರೆ, ಬಲಗಾಲಿನಲ್ಲಿ ಎರಡೇ ಎರಡು ನಿಧಾನದ ಕಿಕ್, ಸೊಂಟ ಯಾವಾಗ ಹೊರಳಿತು, ತಲೆ ಎಲ್ಲಿತ್ತು ಎಂದು ಗಮನಿಸುತ್ತ. ತಕ್ಷಣ ಎಡಗಾಲಿನ ಸೆಟ್.

ಗ್ಯಾಕು-ಜುಕಿಯ ಕಾರಣ ಬೇರೆ. ಎಡಗೈ ಹೊಡೆಯುವಾಗ ಬಲಗೈಯನ್ನು ಸೊಂಟಕ್ಕೆ ಎಳೆಯಬೇಕು (ಹಿಕಿತೆ), ಹೊಡೆದೇ ರೂಢಿಯಾದ ಬಲಗೈಗೆ ಎಳೆಯುವುದು ಬೇಸರದ ಕೆಲಸ. ಜೊತೆಗೆ ಬಲ ಝೆನ್‌ಕುತ್ಸು-ದಾಚಿಯಲ್ಲಿ (ಬಲಗಾಲು ಮುಂದೆ ಮಡಚಿದ ಉದ್ದ ನಿಲುವು) ಮುಂದಿನ ಮಂಡಿ ಒಳಕ್ಕೆ ಕುಸಿಯುತ್ತದೆ. ಒಂದು ಮೀಟರ್ ಕೋಲನ್ನು ಸೊಂಟದ ಹಿಂದೆ ಅಡ್ಡ ಹಿಡಿದು, ಕೈ ಬಳಸದೆ ಹನ್ಮಿಯಿಂದ (ಸೊಂಟ ಅರ್ಧ ಪಕ್ಕಕ್ಕೆ) ಶೋಮೆನ್‌ಗೆ (ಸೊಂಟ ನೇರ ಮುಂದಕ್ಕೆ) 15 ಸಲ ತಿರುಗಿ. ಕೋಲಿನ ತುದಿ ಎಷ್ಟು ತಿರುಗಿತೆಂದು ಕಣ್ಣಿಗೇ ಕಾಣುತ್ತದೆ. ಆಮೇಲೆ ಕೋಲು ಬಿಟ್ಟು 10 ಪಂಚ್, ಮನಸ್ಸು ಪೂರ್ತಿ ಹಿಕಿತೆ ಮೇಲೆ.

ತಾಲೀಮ್‌ಮನಿ:

ಕರಾಟೆದವರ ಮಾತಿನ ನಡುವ ಕುಸ್ತಿ ಕಡೀಂದ ಒಂದೀಟು ಸೇರಸ್ತೀನಿ. ಈ ತೊಂದ್ರಿ ಮಟ್ಟಿಯೊಳಗೂ ಇದ್ದದ್ದ. ಬಲಗಾಲು ಮುಂದಿಟ್ಟು ನಿಲ್ಲೂ ಪೈಲ್ವಾನಗ ಎದುರಿನವನ ಒಂದು ಕಾಲು ಹಿಡಿಯೂದು ಸಲೀಸು. ಇನ್ನೊಂದು ಕಾಲಿಗೆ ಹೋಗು ಅಂದ್ರ ತಲಿ ಒಳಗ ಇಡಬೇಕೋ ಹೊರಗ ಇಡಬೇಕೋ ಅನ್ನೂದ ಮರೀತಾನ.

ವೀಕ್ ಸೈಡಿಗೆ ಪೂರ್ತಿ ಪಟ್ಟು ಮಾಡಬ್ಯಾಡ್ರಿ. ಹಿಡಿತ, ಒಳಗ ಹೋಗೂದು, ಎತ್ತೂದು ಅಂತ ಮೂರು ತುಂಡು ಮಾಡ್ರಿ. ಮೊದಲ ಎರಡು ವಾರ ಹಿಡಿತ, ಒಳಗ ಹೋಗೂದು ಇಷ್ಟ. ಜೊತಿಯಾಂವ ಸುಮ್ನ ನಿಲ್ಲಲಿ, 10 ಸಲ ಒಳಗ ಹೋಗಿ ಹೊರಗ ಬರ್ರಿ, 4 ಸುತ್ತು. ಆಮ್ಯಾಲ ಅಂವ ಅರ್ಧ ಜೋರಿನಾಗ ತಡೀಲಿ. ಎತ್ತೂದು ಕಡೀಕ. ಕಾಲಿನ ಜಾಗ ಕೂಡೂಕಿಂತ ಮೊದಲ ಎತ್ತಾಕ ಹೋದ್ರ ಸೊಂಟದ ಬದ್ಲಿ ನಡ (ಕೆಳಬೆನ್ನು) ಎಳಿತೈತಿ, ನಡ ಹಿಡೀತಂದ್ರ ಹದಿನೈದು ದಿನ ಮನ್ಯಾಗ.

ಬಾಳ ಮಂದಿ ಬಿಡೂ ಮಾತು ಬೀಳೂದು. ಬಲಗಡೆ ಸೊಂಟದ ಮ್ಯಾಲ ಎತ್ತಿ ಒಗದ್ರ ಜೊತಿಯಾಂವ ತನ್ನ ಎಡಮಗ್ಗಲಿಗೆ ಬೀಳ್ತಾನ, ಎಡಗಡೆ ಒಗದ್ರ ಬಲಮಗ್ಗಲಿಗೆ. ದಿನಾ ಎಲ್ಲಾರೂ ಬಲಗಡೇನ ಒಗಿಯೂದ್ರಿಂದ ಬಲಮಗ್ಗಲಿಗೆ ಬೀಳೂದು ಅವಗೂ ರೂಢಿ ಇರೂದಿಲ್ಲ, ಕೈ ಊರಿ ಮಣಿಕಟ್ಟು ಮುರ್ಕೋತಾನ. ನಿಮ್ಮ ವೀಕ್ ಸೈಡ್ ಅಂದ್ರ ಅವನ ವೀಕ್ ಸೈಡೂ ಹೌದು. ಮೊದಲ ಇಬ್ಬರೂ ಎರಡೂ ಮಗ್ಗಲಿಗೆ 10–10 ಸಲ ಬೀಳ್ರಿ, ಆಮ್ಯಾಲ ಒಗೀರಿ. ಜೂಡೋದವರಿಗೂ ಇದ ಮಾತು.

ಗದಾ ತಿರುಗಸೂವಾಗ ಬಲಗೈಗೆ 6 ಕಿಲೋದ್ದಿದ್ರ ಎಡಗೈಗೆ 4 ಕಿಲೋದ್ದು ತಗೋರಿ. ಅದ ಭಾರ ಹಿಡದು ವಾಂಕಡಾ (ಸೊಟ್ಟ) ತಿರುಗಿಸಿದ್ರ ಭುಜಕ್ಕ ಪೆಟ್ಟು. ಎಡಗೈ ಎಷ್ಟು ತಿರುಗಿಸ್ತೈತಿ ಅಷ್ಟಕ್ಕ ಬಲಗೈನೂ ನಿಲ್ಲಸ್ರಿ.

ಹಿಮ್ಮಡಿ ಅವ್ರು ಬಲಗಾಲು ಮೊದಲು ಅಂದದ್ದು ನನಗ ಒಪ್ಪಿಗಿ ಇಲ್ಲ. ಮೈ ತಾಜಾ ಇದ್ದಾಗ ವೀಕ್ ಸೈಡ್ ಮೊದಲ ಆಗಬೇಕು. ಕ್ಲಾಸಿನಾಗ ಯಾವಾಗ್ಲೂ ಬಲದಿಂದನ ಚಾಲೂ ಮಾಡಸ್ತಾರ, ಎಡಕ್ಕ ಬರೂವಾಗ ದಣಿವು ಬಂದಿರತೈತಿ, ವರ್ಷಗಟ್ಟಲೆ ಎಡಗಡೆಗೆ ದಣಿದ ಮೈ ಅಷ್ಟ ಸಿಗತೈತಿ. ಇದನ್ನೂ ಲೆಕ್ಕಕ್ಕ ಹಿಡೀರಿ.

ಹಿಮ್ಮಡಿ:

@ತಾಲೀಮ್‌ಮನಿ ನಾನು ಹೇಳಿದ್ದು ಎರಡೇ ಕಿಕ್, ಅದರಲ್ಲಿ ದಣಿವಿಲ್ಲ. ಬಲಗಾಲಿನ ಪೂರ್ತಿ ಸೆಟ್ ಕೊನೆಗೇ. ಕ್ಲಾಸಿನ ದಣಿವಿನ ಮಾತು ಮಾತ್ರ ನೂರಕ್ಕೆ ನೂರು ಸರಿ. ಕ್ಲಾಸ್ ಶುರುವಾಗುವ ಹತ್ತು ನಿಮಿಷ ಮೊದಲು ಹೋಗಿ ಎಡದ ಸೆಟ್ ಮುಗಿಸಿಕೊಳ್ಳುವುದು ಸುಲಭದ ದಾರಿ.

ಕೀಲುಮೂಳೆ:

ಸ್ಟ್ರೆಚ್ ಬೇಕೋ ಬೇಡವೋ ಎಂದು ಊಹಿಸುವ ಅಗತ್ಯವಿಲ್ಲ, ಹತ್ತು ನಿಮಿಷದಲ್ಲಿ ಪರೀಕ್ಷಿಸಬಹುದು. ಮೈ ಬಿಸಿಯಾದ ಮೇಲೆ ಮಾಡಿ.

ಗೋಡೆಗೆ ಕೈಯಿಟ್ಟು ನಿಲ್ಲಿ, ಇನ್ನೊಬ್ಬರು ನಿಮ್ಮ ಎಡಗಾಲನ್ನು ಕಿಕ್‌ನ ದಿಕ್ಕಿನಲ್ಲಿ ನಿಧಾನಕ್ಕೆ ಎತ್ತಲಿ. ಎಲ್ಲಿಯವರೆಗೆ ನೋವಿಲ್ಲದೆ ಹೋಗುತ್ತದೋ ಗೋಡೆಯ ಮೇಲೆ ಚಾಕ್‌ನಲ್ಲಿ ಗುರುತು ಮಾಡಿ. ನಂತರ ನೀವೇ ಎತ್ತಿ, ಎಷ್ಟು ಎತ್ತರದಲ್ಲಿ 3 ಸೆಕೆಂಡ್ ಹಿಡಿಯಬಲ್ಲಿರೋ ಅಲ್ಲಿ ಇನ್ನೊಂದು ಗುರುತು. ಬಲಗಾಲಿಗೂ ಹಾಗೇ. ಬೇರೆಯವರು ಎತ್ತಿದಾಗ ಎರಡು ಕಾಲೂ ಸಮನಾಗಿ ಏರಿ, ನೀವೇ ಎತ್ತುವಾಗ ಎಡಗಾಲು ಕೆಳಗೇ ಉಳಿದರೆ ಸ್ನಾಯು ಉದ್ದವಾಗಿಯೇ ಇದೆ, ಎತ್ತುವ ಬಲ ಇಲ್ಲ. ಅಂಥವರು ಇನ್ನಷ್ಟು ಸ್ಪ್ಲಿಟ್ ಮಾಡಿ ಪ್ರಯೋಜನವಿಲ್ಲ. ಬೇರೆಯವರು ಎತ್ತಿದರೂ ಎಡಗಾಲು ಏರದಿದ್ದರೆ ಆಗ ಸ್ಟ್ರೆಚ್.

ಎರಡನೆಯದು ಸೊಂಟದ ಕೀಲಿನ ಒಳತಿರುಗು. ಎತ್ತರದ ಮೇಜಿನ ಮೇಲೆ ಮಂಡಿ ಮಡಚಿ ಕುಳಿತು, ತೊಡೆ ಅಲುಗಿಸದೆ ಮಂಡಿಯ ಕೆಳಗಿನ ಕಾಲನ್ನು ಪಾದ ಸಮೇತ ಹೊರಕ್ಕೆ ಸರಿಸಿ. ಸಾಮಾನ್ಯವಾಗಿ 30ರಿಂದ 45 ಡಿಗ್ರಿ ಬರಬೇಕು. ನಿಂತ ಕಾಲಿನಲ್ಲಿ ಇದು ಕಡಿಮೆಯಿದ್ದರೆ ಪಾದ ಹೊರಳಿಸುವಾಗ ಭಾರವೆಲ್ಲ ಮಂಡಿಗೆ ಹೋಗುತ್ತದೆ.

ಮೂರನೆಯದು ಒಂಟಿಕಾಲಲ್ಲಿ ನಿಂತು ಹಿಮ್ಮಡಿ ಎತ್ತುವುದು, ಮಂಡಿ ನೇರ, ಬೆರಳ ತುದಿ ಮಾತ್ರ ಗೋಡೆಗೆ. ಆರೋಗ್ಯವಂತ ವಯಸ್ಕರಿಗೆ 20–25 ಒಳ್ಳೆಯ ಗುರಿ. ಎರಡು ಕಾಲಿನ ನಡುವೆ ನಾಲ್ಕೈದಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಗಮನ ಕೊಡಬೇಕು.

ಎಚ್ಚರಿಕೆಯ ಮಾತು: ಮಂಡಿಯನ್ನು ಎದೆಗೆ ತಂದು ಒಳಕ್ಕೆ ತಿರುಗಿಸಿದಾಗ ತೊಡೆಸಂದಿನ ಆಳದಲ್ಲಿ ಚುಚ್ಚಿದ ಹಾಗೆ ಆದರೆ ಅದು ಬಿಗಿತ ಅಲ್ಲ, ಮೂಳೆಗೆ ಮೂಳೆ ತಾಗುತ್ತಿರಬಹುದು. ಅದನ್ನು ಎಳೆದು ಸರಿಮಾಡಲು ಹೋಗದೆ ಆರ್ಥೋಪೆಡಿಕ್ ಡಾಕ್ಟರಿಗೆ ಅಥವಾ ಫಿಸಿಯೋಗೆ ತೋರಿಸಿ. ಕೀಲಿನ ಆಕಾರ ಎರಡು ಕಡೆಯೂ ಒಂದೇ ಆಗಿರಬೇಕೆಂದಿಲ್ಲ. ಅಂಥವರ ಎಡಗಾಲು ಚುದಾನ್‌ಗೇ ನಿಂತರೂ ಅದು ಸೋಮಾರಿತನದ ಗುರುತಲ್ಲ.

ಇನ್ನೊಂದು ವಿಷಯ. ಒಂದು ಕೈಗೆ ತರಬೇತಿ ಕೊಟ್ಟರೆ ಸುಮ್ಮನಿದ್ದ ಇನ್ನೊಂದು ಕೈಯ ಬಲವೂ ಸ್ವಲ್ಪ ಏರುತ್ತದೆ ಎಂಬುದನ್ನು ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಕ್ರಿಪ್ಚರ್ ಎಂಬ ಮನಶ್ಶಾಸ್ತ್ರಜ್ಞ 1894ರಲ್ಲೇ ವರದಿ ಮಾಡಿದ್ದ. ಏರುವುದು ಸ್ನಾಯುವಿನ ಗಾತ್ರವಲ್ಲ, ಮುಖ್ಯವಾಗಿ ನರಗಳ ಕೆಲಸ. ಇದನ್ನು ನಂಬಿ ಎಡಗಾಲನ್ನು ಬಿಟ್ಟು ಕೂರಬೇಡಿ, ದಾಟಿ ಬರುವುದು ಸಣ್ಣ ಪಾಲು. ಆದರೆ ಕಾಲು ಉಳುಕಿ ಮೂರು ವಾರ ಕೂರಬೇಕಾದಾಗ ಇನ್ನೊಂದು ಕಾಲಿನ ಅಭ್ಯಾಸ ನಿಲ್ಲಿಸದಿರಲು ಇದು ಒಳ್ಳೆಯ ಕಾರಣ.

ಮೂರುಪಾಯಿಂಟ್:

ಎಲ್ಲರೂ ಎರಡೂ ಪಕ್ಕ ಸಮ ಮಾಡೋ ಮಾತೇ ಆಡ್ತಿದ್ದೀರಿ. ಕಟಾ (ಒಬ್ಬರೇ ಮಾಡೋ ಚಲನೆಗಳ ಸರಣಿ), ಕಿಹೋನ್‌ಗೆ (ಮೂಲ ಪಟ್ಟುಗಳ ಅಭ್ಯಾಸ) ಸರಿ, ಪರೀಕ್ಷಕರು ಎರಡೂ ನೋಡ್ತಾರೆ. ಕುಮಿಟೆಗೆ (ಎದುರಾಳಿ ಜೊತೆಗಿನ ಫೈಟ್) ಸಮ ಆಗೋದು ಬೇಕಾಗಿಲ್ಲ.

ಡಬ್ಲ್ಯುಕೆಎಫ್ (ವರ್ಲ್ಡ್ ಕರಾಟೆ ಫೆಡರೇಶನ್) ನಿಯಮದಲ್ಲಿ ಪಂಚ್‌ಗೆ 1 ಪಾಯಿಂಟ್, ಚುದಾನ್ ಕಿಕ್‌ಗೆ 2, ಜೋದಾನ್ ಕಿಕ್‌ಗೆ 3. ಬಲಗೈನವರು ನಿಲ್ಲೋದು ಎಡಗಾಲು ಮುಂದಿಟ್ಟು. ಎದುರಿನವನೂ ಹಾಗೇ ನಿಂತಿದ್ರೆ ಅವನ ಎದೆ, ಹೊಟ್ಟೆ ತೆರೆದಿರೋದು ನಿಮ್ಮ ಎಡಗಾಲಿನ ಕಡೆ. ನಿಮ್ಮ ಬಲಗಾಲು ಹೋಗಿ ತಾಗೋದು ಅವನ ಮುಂದಿನ ಭುಜಕ್ಕೆ, ಬೆನ್ನಿಗೆ. ಅಂದ್ರೆ ನೀವು ವೀಕ್ ಅಂತಿರೋ ಆ ಎಡಗಾಲೇ ಕುಮಿಟೆಯಲ್ಲಿ ಮೊದಲ ಆಯುಧ. ಎದುರಿನವನು ಬಲಗಾಲು ಮುಂದಿಟ್ರೆ ಲೆಕ್ಕ ಉಲ್ಟಾ, ಆಗ ನಿಮ್ಮ ಹಿಂದಿನ ಬಲಗಾಲಿಗೆ ದಾರಿ ತೆರೆಯುತ್ತೆ.

ಮುಂಗಾಲಿನ ಕಿಕ್‌ಗೆ ಸೊಂಟ ಅಷ್ಟು ಹೊರಳಬೇಕಾಗಿಲ್ಲ, ಆಗಲೇ ಅರ್ಧ ಪಕ್ಕಕ್ಕಿರುತ್ತೆ. ಹಾಗಾಗಿ ಎಡಗಾಲನ್ನ ಹಿಂದಿನಿಂದ ಹೊಡೆಯೋಕೆ ಕಲಿಯೋ ಮೊದಲು ಮುಂದಿನಿಂದ ಕಲೀರಿ. ಬಲಪಾದ ಜಾರಿಸಿ ಎಡಹಿಮ್ಮಡಿ ಹತ್ತಿರ ತನ್ನಿ, ಅದು ನೆಲಕ್ಕೆ ಕೂರೋ ಕ್ಷಣವೇ ಎಡಮಂಡಿ ಏಳಬೇಕು. ಸಾಮಾನ್ಯ ತಪ್ಪು ಎರಡು: ಬಲಪಾದ ತಂದು ನಿಂತು ಆಮೇಲೆ ಮಂಡಿ ಎತ್ತೋದು, ಎದುರಿನವನಿಗೆ ಪತ್ರ ಬರೆದು ತಿಳಿಸಿದ ಹಾಗೆ. ಇನ್ನೊಂದು, ಜಾರಿಸುವಾಗ ತಲೆ ಒಂದು ಗೇಣು ಏಳೋದು. ಪ್ಯಾಡ್ ಹಿಡಿದವರು ಮೊದಲೇ ತೋರಿಸದೆ, ಎಡ ಬಲ ಅದಲುಬದಲಾಗಿ ಎತ್ತಬೇಕು. ಒಂದೇ ಕಿಕ್ ಹತ್ತು ಸಲ ಹೊಡೆದಾಗ ಚೆನ್ನಾಗಿ ಕಾಣುತ್ತೆ, ಫೈಟಲ್ಲಿ ಬರಲ್ಲ.

ಪೂರ್ತಿ ಸಮ ಬೇಕಾಗಿರೋದು ಪಾದಚಲನೆ ಮತ್ತು ಡಿಫೆನ್ಸ್ ಮಾತ್ರ. ಕಾಲು ಬದಲಿಸಿ, ಏನೂ ಹೊಡೆಯದೆ, 2 ನಿಮಿಷದ ಎರಡು ರೌಂಡ್ ಓಡಾಡಿ. ಉಲ್ಟಾ ನಿಂತಾಗ ಎರಡು ಪಾದವೂ ಒಂದೇ ಗೆರೆಗೆ ಬಂದುಬಿಡುತ್ತೆ, ತಳ್ಳಿದ್ರೆ ಬೀಳ್ತೀರಿ. ಅಡ್ಡಕ್ಕೆ ಭುಜದಷ್ಟು ಅಗಲ ಉಳಿಸ್ಕೊಳ್ಳಿ.

ಬಾಕ್ಸಿಂಗ್ ನೋಡಿ. ಆಸ್ಕರ್ ಡೆ ಲಾ ಹೋಯಾ ಎಡಗೈನವನು, ನಿಂತಿದ್ದು ಎಡಗೈ ಮುಂದಿಟ್ಟು. ಲೊಮಚೆಂಕೊ ಬಲಗೈನವನು, ನಿಂತಿದ್ದು ಬಲಗೈ ಮುಂದಿಟ್ಟು. ಜಾಣ ಕೈ ಮುಂದಿರಲಿ ಅನ್ನೋದೂ ಒಂದು ದಾರಿ, ಎರಡನ್ನೂ ಸಮ ಮಾಡೋದೊಂದೇ ದಾರಿಯಲ್ಲ.

ಬ್ರೌನ್‌ಬೆಲ್ಟ್‌ಬಾಕಿ:

ಪರೀಕ್ಷೆ ಮಾಡಿದೆ. ಬೇರೆಯವರು ಎತ್ತಿದ್ರೆ ಎರಡೂ ಕಾಲಿನ ಗುರುತು ಒಂದೇ ಕಡೆ. ನಾನೇ ಎತ್ತಿದ್ರೆ ಎಡಗಾಲು ಎರಡು ಗೇಣು ಕೆಳಗೆ. ಹಿಮ್ಮಡಿ ಎತ್ತೋದು ಎಡಗಾಲಲ್ಲಿ ನಿಂತಾಗ 22, ಬಲಗಾಲಲ್ಲಿ ನಿಂತಾಗ 13. ಸೊಂಟದ ಒಳತಿರುಗು ಎರಡೂ ಕಡೆ ಸರಿಯಿದೆ, ಚುಚ್ಚೋ ನೋವಿಲ್ಲ. ಹಾಗಾದ್ರೆ ಸ್ಪ್ಲಿಟ್ ಬಿಟ್ಟುಬಿಡ್ಲಾ? ಮತ್ತೆ ಇದರಲ್ಲಿ ಕಟಾಗೆ ಉಪಯೋಗ ಆಗೋದು ಏನಾದ್ರೂ ಇದ್ಯಾ?

ಕೀಲುಮೂಳೆ:

ಸ್ಪ್ಲಿಟ್ ವಾರಕ್ಕೆ ಎರಡು ಸಲ, ಕ್ಲಾಸ್ ಮುಗಿದ ಮೇಲೆ, ಇರುವುದನ್ನು ಉಳಿಸಿಕೊಳ್ಳುವಷ್ಟು ಸಾಕು. ಆ ಸಮಯವನ್ನು ಎರಡು ವ್ಯಾಯಾಮಕ್ಕೆ ಕೊಡಿ. ಒಂದು, ಬಲಮಗ್ಗುಲಾಗಿ ಮಲಗಿ ಎಡಗಾಲನ್ನು ಪಕ್ಕಕ್ಕೆ ಎತ್ತಿ, ಕಾಲ್ಬೆರಳು ಮುಂದಕ್ಕೆ ನೋಡುತ್ತ, ತುದಿಯಲ್ಲಿ 3 ಸೆಕೆಂಡ್, 10ರಂತೆ 3 ಸೆಟ್. ಬೆರಳು ಮೇಲಕ್ಕೆ ತಿರುಗಿದರೆ ಕೆಲಸ ತೊಡೆಯ ಮುಂಭಾಗಕ್ಕೆ ಹೋಗುತ್ತದೆ, ಬೇಕಾದ ಪಕ್ಕದ ಸ್ನಾಯುಗೆ ಸಿಗುವುದಿಲ್ಲ. ಇನ್ನೊಂದು, ಬಲಗಾಲಿನಲ್ಲಿ ನಿಂತು ಹಿಮ್ಮಡಿ ಎತ್ತುವುದು 10ರಂತೆ 3 ಸೆಟ್, ದಿನ ಬಿಟ್ಟು ದಿನ. ಎಡಕ್ಕೆ ಇದು ಸದ್ಯ ಬೇಡ. ತೊಡೆಸಂದು ಮರುದಿನ ಬೆಳಿಗ್ಗೆಯೂ ಹಿಡಿದುಕೊಂಡಿದ್ದರೆ ಆ ದಿನ ಕಿಕ್ ಬಿಟ್ಟು ಪಾದ ಹೊರಳಿಸುವುದಷ್ಟೇ ಮಾಡಿ.

ಹಿಮ್ಮಡಿ:

ಕಟಾಗೆ ತೆಕ್ಕಿ ಶೊದಾನ್ ಹಿಡಿಯಿರಿ. ಬ್ರೌನ್ ಹಂತಕ್ಕೆ ಅದು ಹೇಗೂ ಬೇಕು, ಮೊದಲರ್ಧ ಒಂದು ಕಡೆ ಮಾಡಿದ್ದನ್ನೇ ಉಳಿದರ್ಧ ಇನ್ನೊಂದು ಕಡೆ ಮಾಡಿಸುವ ಕಟಾ ಅದು. ಅದರ ನಾಮಿ-ಗಾಯೆಶಿ ಬಂದಾಗ ಕಿಬಾ-ದಾಚಿಯಿಂದ (ಕುದುರೆ ಸವಾರನಂಥ ಅಗಲ ನಿಲುವು) ಒಂದು ಕಾಲು ಒಳಕ್ಕೆ ಮೇಲೆದ್ದು ಮತ್ತೆ ಅದೇ ಜಾಗಕ್ಕೆ ಇಳಿಯಬೇಕು. ಎಡಗಾಲು ಎತ್ತುವಾಗ ನಿಮ್ಮ ಮೈ ಬಲಕ್ಕೆ ವಾಲುತ್ತದೆ, ತಲೆ ಏಳುತ್ತದೆ, ಪಾದ ಇಳಿಯುವಾಗ ಧಪ್ಪನೆ ಬೀಳುತ್ತದೆ, ನೋಡಿಕೊಳ್ಳಿ. ಅದೇ ಬಲಗಾಲಿನ ನಿಲ್ಲುವ ದೋಷ, ಇನ್ನೊಂದು ರೂಪದಲ್ಲಿ. ಆ ಎರಡು ಚಲನೆಯನ್ನಷ್ಟೇ ತೆಗೆದು ಕನ್ನಡಿಯ ಮುಂದೆ ಎಡಕ್ಕೆ 10, ಬಲಕ್ಕೆ 5, ತಲೆ ಕನ್ನಡಿಯ ಚೌಕಟ್ಟಿನ ಒಂದೇ ಗುರುತಿನಲ್ಲಿ ಇರುವಂತೆ.

ವಾರಕ್ಕೊಮ್ಮೆ ಮೊಬೈಲನ್ನು ಸೊಂಟದ ಎತ್ತರದಲ್ಲಿ ಹಿಂದಿನಿಂದ ಇಟ್ಟು ಸ್ಲೋ ಮೋಷನ್‌ನಲ್ಲಿ ಎರಡೂ ಕಾಲಿನ ಮೂರು ಮೂರು ಮವಾಶಿ ಗೆರಿ ತೆಗೆಯಿರಿ. ನೋಡಬೇಕಾದ್ದು ಮೂರೇ ಕಡೆ ನಿಲ್ಲಿಸಿ: ಮಂಡಿ ತುದಿಗೇರಿದಾಗ ಬಲಹಿಮ್ಮಡಿ ಎಲ್ಲಿ ನೋಡುತ್ತಿದೆ, ಏಟಿನ ಹೊತ್ತಿಗೆ ತಲೆ ನಿಂತ ಪಾದದಿಂದ ಎಷ್ಟು ದೂರ ಹೋಗಿದೆ, ಕಾಲು ನೆಲ ಮುಟ್ಟುವ ಮೊದಲು ಮಂಡಿ ಮಡಚಿತ್ತೋ ಇಲ್ಲವೋ. ಎತ್ತರ ಅಳೆಯಲು ಐದನೇ ವಾರದವರೆಗೆ ಹೋಗಬೇಡಿ.